ಬಾರಿಸುವವರು ಎಲ್ಲಿ ಕೂರಬೇಕು?

ಗಣೇಶನ ಹಬ್ಬದ ಆರ್ಕೆಸ್ಟ್ರಾದಲ್ಲಿ ಎಲ್ಲರೂ ಹಾಡುವವರನ್ನು ನೋಡುತ್ತಾರೆ. ನನ್ನ ಕಣ್ಣು ಹಿಂದುಗಡೆ ಮೂಲೆಯಲ್ಲಿರುವ ಡ್ರಮ್ಸ್ ಹುಡುಗನ ಕುರ್ಚಿಯ ಮೇಲಿರುತ್ತದೆ. ಬೇಕಿದ್ದರೆ ಈ ಸಲ ಗಮನಿಸಿ. ಅದು ಶಾಮಿಯಾನದವನು ಕೊಟ್ಟ ಪ್ಲಾಸ್ಟಿಕ್ ಕುರ್ಚಿ. ಒಂದಲ್ಲ, ಒಂದರೊಳಗೊಂದು ಕೂರಿಸಿದ ಮೂರು. ಮುಖ್ಯ ಅತಿಥಿಗೂ ಟರ್ಕಿ ಟವೆಲ್ ಹೊದಿಸಿದ ಒಂದೇ ಕುರ್ಚಿ, ಡ್ರಮ್ಸ್‌ನವನಿಗೆ ಮೂರು. ಗೌರವ ಜಾಸ್ತಿಯಾಗಿ ಅಲ್ಲ. ಒಂದೇ ಕುರ್ಚಿಯಾದರೆ ಅವನು ಗಿಡ್ಡವಾಗುತ್ತಾನೆ, ಮಂಡಿ ಹೊಟ್ಟೆಯ ಹತ್ತಿರಕ್ಕೆ ಬರುತ್ತದೆ, ಪೆಡಲ್ ತುಳಿಯಲು ಆಗುವುದಿಲ್ಲ. ಕುರ್ಚಿ ಪೇರಿಸಿಕೊಂಡರೆ ಎತ್ತರವೇನೋ ಸಿಗುತ್ತದೆ. ಆದರೆ ಅದಕ್ಕೆ ಎರಡು ಕೈಗಳಿರುತ್ತವಲ್ಲ, ಪ್ರತಿ ಏಟಿಗೂ ಮೊಣಕೈ ಅದಕ್ಕೆ ತಗಲುತ್ತದೆ. ಹಾಗಾಗಿ ಹುಡುಗ ಮುಂದಕ್ಕೆ ಸರಿದು ಅಂಚಿನಲ್ಲಿ ಕೂರುತ್ತಾನೆ. ರಾತ್ರಿ ಹತ್ತರವರೆಗೂ ಹಾಗೇ ಕೂರುತ್ತಾನೆ.

ಇದೇ ಹುಡುಗ ಸಿಂಬಲ್ ಅನ್ನುವ ಲೋಹದ ತಟ್ಟೆ ಕೊಳ್ಳುವಾಗ ಊರೆಲ್ಲ ಸುತ್ತಿರುತ್ತಾನೆ. ಯಾವ ಕಂಪನಿ, ಎಷ್ಟು ಇಂಚು, ಬಡಿದರೆ ನಾದ ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲ ವಿಚಾರಿಸಿರುತ್ತಾನೆ. ಕೂರುವ ಸ್ಟೂಲಿನ ಮಾತು ಬಂದಾಗ ಮಾತ್ರ, 'ಅದಕ್ಕೇನು, ಮನೇಲಿ ಯಾವುದೋ ಒಂದಿದೆ' ಅನ್ನುತ್ತಾನೆ. ಅವನನ್ನು ಒಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಬಾರಿಸುವವರನ್ನು ನೋಡುವಾಗ ನಾವೆಲ್ಲ ಕೈಯನ್ನೇ ನೋಡುತ್ತೇವೆ. ಕೈಗೆ ಆಧಾರವಾಗಿ ಕೆಳಗೆ ಏನಿದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ.

ಡ್ರಮ್ಸ್‌ನವರು ಕೂರುವುದಕ್ಕೂ ನಾವು ಕೂರುವುದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಈಗ ಕುರ್ಚಿಯಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಬೆನ್ನನ್ನು ಒರಗಿಸದೆ ಎರಡೂ ಪಾದವನ್ನು ನೆಲದಿಂದ ಒಂದಿಂಚು ಮೇಲೆತ್ತಿ. ಮೈ ಹಿಂದಕ್ಕೆ ವಾಲಿತು, ಸೊಂಟದ ಹತ್ತಿರ ಏನೋ ಬಿಗಿಯಿತು, ಅಲ್ವಾ? ನಾವು ಬರೀ ಕುರ್ಚಿಯ ಮೇಲೆ ಕೂತಿರುವುದಿಲ್ಲ, ಸ್ವಲ್ಪ ಕಾಲುಗಳ ಮೇಲೂ ಕೂತಿರುತ್ತೇವೆ. ಡ್ರಮ್ಸ್‌ನವರಿಗೆ ಆ ಸೌಲಭ್ಯ ಇಲ್ಲ. ಬಲಗಾಲು ದೊಡ್ಡ ಡ್ರಮ್ಮಿನ ಪೆಡಲ್ ಮೇಲೆ, ಎಡಗಾಲು ಹೈಹ್ಯಾಟ್ ಅನ್ನುವ ಜೋಡಿ ಸಿಂಬಲ್‌ನ ಪೆಡಲ್ ಮೇಲೆ. ಹಿಮ್ಮಡಿ ಎತ್ತಿ ಬಾರಿಸುವವರಾದರೆ ಮುಗಿದೇ ಹೋಯಿತು, ಕಾಲುಗಳ ಭಾರವೂ ಸೊಂಟಕ್ಕೇ. ನಾಲ್ಕೂ ಕೈಕಾಲು ಕೆಲಸದಲ್ಲಿರುವಾಗ ಇಡೀ ಮೈ ನಿಂತಿರುವುದು ಕುಂಡೆಯ ಕೆಳಗಿನ ಎರಡು ಮೂಳೆಗಳ ಮೇಲೆ.

ಅದಕ್ಕೇ ಆ ಸ್ಟೂಲಿಗೆ ಅಷ್ಟು ಲೆಕ್ಕಾಚಾರ. ಒಳ್ಳೆಯ ಸ್ಟೂಲನ್ನು ತಿರುಗಿಸಿದರೆ ಸುಮಾರು 18ರಿಂದ 24 ಇಂಚಿನವರೆಗೆ ಏರಿಸಬಹುದು, ಇಳಿಸಬಹುದು. ಕೂತಾಗ ಸೊಂಟ ಮಂಡಿಗಿಂತ ಸ್ವಲ್ಪ ಮೇಲಿರಬೇಕು. ತೊಡೆ ಮುಂದಕ್ಕೆ ಒಂಚೂರು ಇಳಿಜಾರಾಗಿರಬೇಕು. ತೀರ ತಗ್ಗಾದರೆ ಸೊಂಟ ಹಿಂದಕ್ಕೆ ಉರುಳುತ್ತದೆ, ಬೆನ್ನು ಗೂನಾಗುತ್ತದೆ, ತಲೆ ಮುಂದಕ್ಕೆ ಬರುತ್ತದೆ. ತೀರ ಎತ್ತರವಾದರೆ ಪೆಡಲ್ ಸಿಗದೆ ಜಾರುತ್ತಾ ಹೋಗುತ್ತೀರಿ. ದುಂಡನೆಯ ಸ್ಟೂಲಿನ ಅಂಚು ತೊಡೆಯನ್ನು ಒತ್ತುತ್ತದೆ ಅಂತ ಕೆಲವರು ಮೋಟಾರ್ ಬೈಕಿನ ಸೀಟಿನಂಥದ್ದನ್ನು ಹುಡುಕುತ್ತಾರೆ. ಅದಕ್ಕೆ ಮುಂದೆ ಎರಡು ಕಡೆ ಕತ್ತರಿಸಿರುತ್ತದೆ, ತೊಡೆ ಆಡಲು ಜಾಗ ಸಿಗುತ್ತದೆ. ಹಿಂದಿನ ಜೇಬಿನಲ್ಲಿ ಪರ್ಸ್ ಇಟ್ಟುಕೊಂಡು ಕೂತರೆ ಇದ್ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಒಂದು ಕಡೆ ಎತ್ತರ, ಒಂದು ಕಡೆ ತಗ್ಗು, ನಡುವೆ ಬೆನ್ನುಮೂಳೆ ಸೊಟ್ಟ. ಪರ್ಸಿನಲ್ಲಿ ದುಡ್ಡಿರಲಿ, ಬರೀ ಹಳೆ ಬಿಲ್ಲುಗಳಿರಲಿ, ಬೆನ್ನಿಗೆ ಎರಡೂ ಒಂದೇ.

ಇನ್ನೊಂದು ತಮಾಷೆ ಇದೆ. ಬಹಳ ಜನ ಮೊದಲು ಡ್ರಮ್ಸ್ ಜೋಡಿಸಿ, ನೋಡೋಕೆ ಚೆನ್ನಾಗಿದೆ ಅನ್ನಿಸಿದ ಮೇಲೆ ಹಿಂದೆ ಸ್ಟೂಲು ತುರುಕುತ್ತಾರೆ. ಸಿಂಬಲ್‌ಗಳು ಆಕಾಶದಲ್ಲಿರುತ್ತವೆ, ಪ್ರತಿ ಸಲ ಹೆಗಲು ಎತ್ತಿ ಬಡಿಯಬೇಕು. ಮಾಡಬೇಕಾದ್ದು ಉಲ್ಟಾ. ಮೊದಲು ಖಾಲಿ ಜಾಗದಲ್ಲಿ ಸ್ಟೂಲು ಹಾಕಿ ಆರಾಮಾಗಿ ಕೂರಬೇಕು, ಕೈ ಇಳಿಬಿಡಬೇಕು, ಕಾಲು ತಾನಾಗಿ ಎಲ್ಲಿ ಬೀಳುತ್ತದೋ ಅಲ್ಲಿಗೆ ಪೆಡಲ್ ತರಬೇಕು. ಮಿಕ್ಕಿದ್ದೆಲ್ಲ ಆಮೇಲೆ ಸುತ್ತ ಬಂದು ನಿಲ್ಲಲಿ.

ಅಸಲಿಗೆ ಈ ವಾದ್ಯದವರು ಕೂತಿದ್ದೇ ಇತ್ತೀಚೆಗೆ. ಕಾಲಿನ ಪೆಡಲ್ ಬಳಕೆಗೆ ಬರುವ ಮೊದಲು ದೊಡ್ಡ ಡ್ರಮ್ಮಿಗೆ ಒಬ್ಬ, ಸಣ್ಣ ಡ್ರಮ್ಮಿಗೆ ಒಬ್ಬ. ಇಲ್ಲವೇ ಒಬ್ಬನೇ ನಿಂತು ಎರಡನ್ನೂ ಕೋಲಿನಲ್ಲಿ ಬಡಿಯುತ್ತಿದ್ದ. ಷಿಕಾಗೋದ ವಿಲಿಯಂ ಲುಡ್ವಿಗ್ 1909ರಲ್ಲಿ ಚುರುಕಾಗಿ ಕೆಲಸ ಮಾಡುವ ಪೆಡಲ್ ಒಂದನ್ನು ಮಾಡಿ ಪೇಟೆಂಟ್ ಪಡೆದ. ದೊಡ್ಡ ಡ್ರಮ್ಮು ಕಾಲಿನ ಪಾಲಿಗೆ ಬಂತು. ಕಾಲಿಗೆ ಕೆಲಸ ಬಂದ ಮೇಲೆ ಕೂರಲೇಬೇಕಲ್ಲ, ಕೂತರು. ಬೆನ್ನು ನೋವಿನ ಕಥೆ ಅಲ್ಲಿಂದ ಶುರು. ಒಂದು ಕಾಲದಲ್ಲಿ ಸ್ಟ್ಯಾಂಡು, ಪೆಡಲ್ ತುಂಬಿಕೊಂಡು ಬರುವ ದುಂಡು ಡಬ್ಬವನ್ನೇ ಕವುಚಿ ಅದರ ಮೇಲೆ ಕೂರುವುದೂ ಇತ್ತು. ಒಂದು ಸಾಮಾನು ಕಮ್ಮಿ ಹೊರಬಹುದು, ನಿಜ. ಎತ್ತರ ಮಾತ್ರ ಡಬ್ಬ ಹೇಳಿದಷ್ಟೇ.

ಇದು ಬರೀ ಸುಸ್ತಿನ ಮಾತಲ್ಲ ಅಂತ ಗೊತ್ತಾಗಲು ಫಿಲ್ ಕಾಲಿನ್ಸ್ ಹೆಸರು ಸಾಕು. ಇಂಗ್ಲೆಂಡಿನ ಜೆನೆಸಿಸ್ ರಾಕ್ ತಂಡದ ಹೆಸರಾಂತ ಡ್ರಮ್ಮರ್ ಆಗಿದ್ದವರು ಅವರು. ದಶಕಗಟ್ಟಲೆ ಡ್ರಮ್ಸ್ ಹಿಂದೆ ಕೂತು ಕತ್ತಿನ ಮೂಳೆಗಳು ಜರುಗಿ, ಆಪರೇಷನ್ ಆಗಿ, ಕೈಯ ನರಗಳ ಶಕ್ತಿ ಹೋಯಿತು. ಇನ್ನು ಬಾರಿಸಲಾರೆ ಅಂತ ಅವರು 2009ರಲ್ಲಿ ಹೇಳಿಕೊಂಡರು. ಮುಂದಿನ ವರ್ಷದ ಆಲ್ಬಮ್ಮಿಗೆ ಕೋಲನ್ನು ಕೈಗೆ ಟೇಪಿನಿಂದ ಅಂಟಿಸಿಕೊಂಡು ಬಾರಿಸಿದರಂತೆ. 2017ರಲ್ಲಿ ಮತ್ತೆ ಸ್ಟೇಜಿಗೆ ಬಂದಾಗ ಅವರು ಮುಂದೆ ಕುರ್ಚಿಯಲ್ಲಿ ಕೂತು ಹಾಡಿದರು, ಹಿಂದೆ ಡ್ರಮ್ಸ್ ಬಾರಿಸಿದ್ದು ಹದಿಹರೆಯದ ಮಗ ನಿಕ್. ಎಲ್ಲರಿಗೂ ಹೀಗೇ ಆಗುತ್ತದೆ ಅಂತಲ್ಲ. ಆದರೆ ಕತ್ತು, ಬೆನ್ನು ಬರೆದಿಟ್ಟುಕೊಳ್ಳುವ ಸಾಲದ ಲೆಕ್ಕ ಬಡ್ಡಿ ಸಮೇತ ಬರುತ್ತದೆ.

ಕೂರುವ ತಾಪತ್ರಯವೇ ಬೇಡ ಅಂತ ನಿಂತುಬಿಟ್ಟವರೂ ಇದ್ದಾರೆ. ಯಕ್ಷಗಾನದಲ್ಲಿ ಮದ್ದಳೆಯವರು ಕೂತಿದ್ದರೆ ಪಕ್ಕದಲ್ಲಿ ಚೆಂಡೆಯವರು ನಿಂತೇ ಇರುತ್ತಾರೆ. ಡೊಳ್ಳಿನವರು ನಿಲ್ಲುವುದಷ್ಟೇ ಅಲ್ಲ, ಅದನ್ನು ಕಟ್ಟಿಕೊಂಡು ಕುಣಿಯುತ್ತಾರೆ. ಹಳೆಯ ಚಿತ್ರಗಳನ್ನು ನೋಡಿದರೆ ನರ್ತಕಿಯ ಹಿಂದೆ ತಬಲಾದವನೂ ವಾದ್ಯವನ್ನು ಸೊಂಟಕ್ಕೆ ಕಟ್ಟಿಕೊಂಡು ನಿಂತಿರುತ್ತಾನೆ.

ಇವೆಲ್ಲಕ್ಕಿಂತ ಜಾಣತನದ್ದು ಪೆರು ದೇಶದ ಕಹೋನ್. ಈಗ ಬೆಂಗಳೂರಿನ ಕೆಫೆಗಳಲ್ಲೂ ಸಿಗುತ್ತದೆ. ನೋಡೋಕೆ ಮರದ ಪೆಟ್ಟಿಗೆ, ಅದರ ಮೇಲೇ ಕೂತು ಅದನ್ನೇ ಬಾರಿಸುವುದು. ಸಾಗಣೆಯ ಖಾಲಿ ಪೆಟ್ಟಿಗೆಗಳನ್ನೇ ಬಡಿಯುತ್ತಿದ್ದ ಆಫ್ರಿಕಾ ಮೂಲದ ಗುಲಾಮರಿಂದ ಹುಟ್ಟಿದ ವಾದ್ಯ. ಕೂರೋಕೆ ಬೇರೆ ಸ್ಟೂಲು ಹುಡುಕುವ ಗೋಜಿಲ್ಲ. ಆದರೆ ಬಡಿಯಬೇಕಾದ ಹಲಗೆ ಇರುವುದು ಕಾಲುಗಳ ನಡುವೆ, ಕೆಳಗೆ. ಹೊಸಬರು ಕಳೆದುಹೋದ ಚಪ್ಪಲಿ ಹುಡುಕುವವರ ಹಾಗೆ ಬಗ್ಗಿರುತ್ತಾರೆ. ಗೊತ್ತಿದ್ದವರು ಪೆಟ್ಟಿಗೆಯನ್ನೇ ಸ್ವಲ್ಪ ಹಿಂದಕ್ಕೆ ವಾಲಿಸಿ, ಬೆನ್ನು ನೆಟ್ಟಗೆ ಇಟ್ಟುಕೊಂಡು, ಮೇಲಿನ ಅಂಚಿನ ಹತ್ತಿರವೇ ಕೆಲಸ ಮುಗಿಸುತ್ತಾರೆ.

ಇನ್ನು ನಮ್ಮ ನೆಲದ ವಿಷಯಕ್ಕೆ ಬರೋಣ. ನೆಲದ ಮೇಲೇ ಕೂರುವವರ ವಿಷಯ.

ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳು ಗೊತ್ತಲ್ಲ, 1939ರಿಂದ ನಡೆಯುತ್ತಿರುವಂಥವು. ಅಂಥ ಕಡೆ ನಾವು ಕೇಳುಗರು ಕುರ್ಚಿಯ ಮೇಲೆ ಕೂತಿರುತ್ತೇವೆ. ಕೂತೂ ಸುಮ್ನಿರುವುದಿಲ್ಲ. ಕಾಲ ಮೇಲೆ ಕಾಲು ಹಾಕುತ್ತೇವೆ, ತೆಗೆಯುತ್ತೇವೆ, ಮಧ್ಯೆ ಎದ್ದು ಕಾಫಿಗೆ ಹೋಗಿಬರುತ್ತೇವೆ. ಕೆಲಸ ಮಾಡುತ್ತಿರುವ ಮೃದಂಗದವರು ಮಾತ್ರ ಮೂರು ಗಂಟೆ ಜಮಖಾನದ ಮೇಲೆ. ಅದೂ ಸರಿಯಾದ ಚಕ್ಕಳಮಕ್ಕಳ ಅಲ್ಲ. ಎಡಗಾಲು ಮಡಿಸಿರುತ್ತದೆ, ಬಲಗಾಲು ಸ್ವಲ್ಪ ಮುಂದಕ್ಕೆ ಚಾಚಿರುತ್ತದೆ, ಮೃದಂಗದ ಬಲಗಡೆ ಬಲಪಾದದ ಗಂಟಿನ ಮೇಲೆ ಕೂತಿರುತ್ತದೆ. ಹಲಸಿನ ಮರದ ಅಷ್ಟು ಭಾರದ ವಾದ್ಯ ಪಾದದ ಮೇಲೆ. ಹಳಬರ ಪಾದದ ಗಂಟನ್ನು ನೋಡಿ, ಕಪ್ಪಗೆ ಜಡ್ಡು ಕಟ್ಟಿರುತ್ತದೆ.

ಬಲಗಡೆ ಮುಚ್ಚಿಗೆ, ಅಂದರೆ ಬಾರಿಸುವ ಚರ್ಮದ ಮುಖ, ಸಭಿಕರ ಕಡೆಗಿರಬೇಕು ಅನ್ನುವ ಪದ್ಧತಿಯಿಂದಾಗಿ ಅವರು ನಮಗೆ ಅಡ್ಡಲಾಗಿ ಕೂರುತ್ತಾರೆ. ಹಾಡುವವರ ಮುಖ, ತಾಳದ ಕೈ ಮೇಲೆ ಸದಾ ಕಣ್ಣಿರಬೇಕು. ಮೃದಂಗದ ದೊಡ್ಡ ವಿದ್ವಾಂಸರಾದ ಪಳನಿ ಸುಬ್ರಹ್ಮಣ್ಯ ಪಿಳ್ಳೆಯವರು ಎಡಗೈಯವರು. ಅವರು ಬಂದರೆ ಇಡೀ ವೇದಿಕೆಯ ಜಾಗಗಳೇ ಅದಲುಬದಲಾಗಬೇಕಿತ್ತು, ಪಿಟೀಲಿನವರು ಆಚೆ ಬದಿಗೆ ಹೋಗಬೇಕಿತ್ತು. ಅದಕ್ಕೆ ಒಪ್ಪದ ಪಿಟೀಲಿನವರೂ ಇದ್ದರಂತೆ. ಕೂರುವ ಜಾಗ ಸಣ್ಣ ವಿಷಯವಲ್ಲ ಅನ್ನೋದಕ್ಕೆ ಹೇಳಿದೆ.

ನಮ್ಮ ಕಡೆ ಈ ಶಾಸ್ತ್ರವನ್ನೆಲ್ಲ ಗುರುಗಳು ಬೈಗುಳದಲ್ಲೇ ಕಲಿಸಿದರು. 'ನೆಟ್ಟಗೆ ಕೂತ್ಕೋ.' 'ಹೆಗಲು ಇಳಿಸು.' 'ಅದೇನು ಮುಖ ಸೊಟ್ಟ ಮಾಡ್ತೀಯ, ಕನ್ನಡಿ ಇಟ್ಕೊಂಡು ಸಾಧನೆ ಮಾಡು.' ಕೆಟ್ಟ ಪಾಠವೇನಲ್ಲ. ಹೆಗಲು ಬಿಗಿಯಾದರೆ ಬೆರಳು ಬಿಗಿ, ಬೆರಳು ಬಿಗಿಯಾದರೆ ನಾದ ಮೊಂಡು. ಆದರೆ ನೆಟ್ಟಗೆ ಕೂರುವುದು ಹೇಗೆ ಅಂತ ಯಾರೂ ಹೇಳಲಿಲ್ಲ, ಕೂರು ಅಂತಷ್ಟೇ ಹೇಳಿದರು. ಎಂಟು ವರ್ಷದ ಹುಡುಗನ ಮಂಡಿ ತಾನಾಗಿಯೇ ನೆಲ ಮುಟ್ಟುತ್ತದೆ. ಆಫೀಸು ಮುಗಿಸಿ ಕಲಿಯಲು ಬರುವ ನಲವತ್ತರ ಮನುಷ್ಯನ ಮಂಡಿ ಎದೆಯ ಕಡೆ ನೋಡುತ್ತಿರುತ್ತದೆ. ಅವನಿಗೂ ಅದೇ ಬೈಗುಳ.

ಅವನಿಗೆ ಬೇಕಾದ್ದು ಮಡಿಸಿದ ಒಂದು ಕಂಬಳಿ, ಅಷ್ಟೇ. ಕುಂಡೆಯ ಕೆಳಗೆ ಎರಡು ಮೂರಿಂಚು ಎತ್ತರಿಸಿದರೆ ಸೊಂಟ ಮೇಲಾಗುತ್ತದೆ, ಮಂಡಿ ಕೆಳಗಿಳಿಯುತ್ತದೆ, ಬೆನ್ನು ಯಾರ ಬೈಗುಳವೂ ಇಲ್ಲದೆ ನೆಟ್ಟಗಾಗುತ್ತದೆ. ಯೋಗ ಹೇಳಿಕೊಡುವವರು ಮಾಡಿಸುವುದೂ ಇದನ್ನೇ. ಮೂರು ಕುರ್ಚಿ ಪೇರಿಸಿಕೊಂಡ ಆರ್ಕೆಸ್ಟ್ರಾ ಹುಡುಗನೂ ಅರಿವಿಲ್ಲದೆ ಇದನ್ನೇ ಮಾಡಿದ್ದು. ಇನ್ನೊಂದು ನೋಡಿ: ತಬಲಾಕ್ಕೆ ಕೂರಲು ಮೆತ್ತನೆಯ ಸಿಂಬೆ ಇದೆ. ಮೃದಂಗದ ಕೆಳಗೂ ಎಷ್ಟೋ ಜನ ಬಟ್ಟೆ ಮಡಿಸಿಡುತ್ತಾರೆ. ವಾದ್ಯಗಳಿಗೆಲ್ಲ ಹಾಸಿಗೆ ಉಂಟು, ಬಾರಿಸುವವನಿಗೆ ಮಾತ್ರ ಜಮಖಾನದ ಕೆಳಗಿನ ಹಲಗೆ.

ಮೃದಂಗ ನುಡಿಸುವ ನನ್ನ ಗೆಳೆಯರೊಬ್ಬರು ಒಂದು ಗುಟ್ಟು ಹೇಳಿದರು. ಮಂಗಳ ಮುಗಿದು ಎಲ್ಲರೂ ಎದ್ದು ನಿಂತಾಗ ಮೃದಂಗದವರು ಕೂತೇ ಇರುತ್ತಾರಲ್ಲ, ನಾದ ಗಂಭೀರವಾಗಲಿ ಅಂತ ಎಡಗಡೆ ಮುಚ್ಚಿಗೆಗೆ ಮೆತ್ತಿದ ರವೆಯನ್ನು ನಿಧಾನಕ್ಕೆ ಕೆರೆದು ತೆಗೆಯುತ್ತಾ, ಬಟ್ಟೆಯಲ್ಲಿ ಒರೆಸುತ್ತಾ. ವಾದ್ಯದ ಮೇಲೆ ಎಷ್ಟು ಭಕ್ತಿ ಅಂತ ನಾನು ಅಂದುಕೊಂಡಿದ್ದೆ. 'ಭಕ್ತಿಯೂ ಇದೆ, ಇಲ್ಲ ಅನ್ನಲ್ಲ,' ಅಂದರು ಅವರು. 'ಆದ್ರೆ ಕಾಲು ಜೋಮು ಹಿಡಿದಿರುತ್ತಲ್ರೀ. ತಕ್ಷಣ ಎದ್ದರೆ ಸ್ಟೇಜ್ ಮೇಲೇ ಬೀಳ್ತೀನಿ. ರವೆ ಕೆರೆಯೋ ಹೊತ್ತಿಗೆ ಕಾಲಿಗೆ ಜೀವ ಬರುತ್ತೆ.' ಈಗ ಯಾವ ಕಛೇರಿಗೆ ಹೋದರೂ ಕೊನೆಯಲ್ಲಿ ನಾನು ನೋಡುವುದು ರವೆಯನ್ನೇ. ಬಹಳ ಹೊತ್ತು ಕೆರೆಯುತ್ತಿದ್ದರೆ ತನಿ ಆವರ್ತನ, ಅಂದರೆ ತಾಳವಾದ್ಯದವರಷ್ಟೇ ನುಡಿಸುವ ಭಾಗ, ಉದ್ದವಾಗಿತ್ತು ಅಂತ ಅರ್ಥ.

ಆಲಾಪನೆಯ ಹೊತ್ತಿನಲ್ಲಿ ನಿಮಗೇನೂ ಕೆಲಸವಿಲ್ಲವಲ್ಲ, ಕಾಲು ಚಾಚಿಕೊಳ್ಳಬಹುದಲ್ಲ ಅಂದೆ. ಸಭೆಗೆ ಎದುರಾಗಿ ಕಾಲು ಚಾಚುವುದೇ ಅಂತ ಅವರು ಹೌಹಾರಿದರು. ಹಾಡುವವರು ತೋಡಿ ರಾಗದಲ್ಲಿ ಮುಳುಗಿರುವಾಗ ಪಕ್ಕದವರು ಮೀನಖಂಡ ತಿಕ್ಕಿಕೊಳ್ಳುತ್ತಾ ಕೂತರೆ ಚೆನ್ನಾಗಿರುವುದಿಲ್ಲವಂತೆ. ಹೋಗಲಿ, ಫ್ಯೂಶನ್ ಕಛೇರಿಗಳಲ್ಲಿ ಮಾಡುತ್ತಾರಲ್ಲ, ಮೃದಂಗವನ್ನು ಸ್ಟ್ಯಾಂಡಿನ ಮೇಲಿಟ್ಟು ನೀವು ಕುರ್ಚಿಯಲ್ಲಿ ಕೂತುಬಿಡಿ ಅಂದೆ. ನನಗಂತೂ ಅದರಲ್ಲಿ ಅಪಚಾರ ಏನೂ ಕಾಣುವುದಿಲ್ಲ. ಅರವತ್ತು ದಾಟಿದವರ ಮಂಡಿಗಿಂತ ಸಂಪ್ರದಾಯ ದೊಡ್ಡದು ಅನ್ನುವವರು ಒಂದು ಸಲ ಪೂರ್ತಿ ಕಛೇರಿ ನೆಲದ ಮೇಲೆ ಕೂತು ಕೇಳಲಿ, ಆಮೇಲೆ ಮಾತಾಡೋಣ.

ಗೆಳೆಯರು ನಕ್ಕರು. 'ಕುರ್ಚಿ ಏನೋ ನೀವೇ ತಂದುಕೊಡ್ತೀರಿ, ಬಿಡಿ. ಹಾಡೋರು ನೆಲದ ಮೇಲೆ ಕೂತಿರ್ತಾರೆ. ನಾನು ಪಕ್ಕವಾದ್ಯದವನು, ಅವರಿಗಿಂತ ಒಂದೂವರೆ ಅಡಿ ಮೇಲೆ ಕೂರೋಕಾಗುತ್ತಾ? ಮುಂದಿನ ವರ್ಷ ಕರೀತಾರಾ? ಮೊದಲು ಅವರ ಮಂಡಿ ನೋಯಲಿ ರೀ, ಆಮೇಲೆ ನಮ್ಮದು ನೋಡೋಣ.'