ಬೀರುವಿನೊಳಗಿನ ಮೊಳಕೆ

ಭಾನುವಾರ ರಾತ್ರಿ ನಾನು ಬರೆಯುವ ಪಾಠಯೋಜನೆಯಷ್ಟು ಸೊಗಸಾದ ಕಲ್ಪನಾ ಸಾಹಿತ್ಯ ಇನ್ನೊಂದಿಲ್ಲ. ಅದರಲ್ಲಿ 28 ಮಕ್ಕಳಿಗೂ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಯಾರ ಮೂಗೂ ಸೋರುವುದಿಲ್ಲ, ಯಾರ ಪೆನ್ಸಿಲ್ಲಿನ ಮೊನೆಯೂ ಮುರಿಯುವುದಿಲ್ಲ. ಕೊನೆಯ ಕಾಲಮ್ಮಿಗೆ ‘ಕಲಿಕಾ ಫಲ’ ಎಂದು ಹೆಸರು. ಕಲಿಸುವ ಮುಂಚೆಯೇ ಅದನ್ನೂ ತುಂಬಿಬಿಡುತ್ತೇನೆ. ಎರಡನೇ ತರಗತಿಗೆ ಪಾಠ ಮಾಡುವವಳಿಗೆ ಅಷ್ಟಾದರೂ ಧೈರ್ಯ ಬೇಡವೆ?

ಈ ವಾರದ ಯೋಜನೆಗೆ ಹೆಸರುಕಾಳೇ ನಾಯಕ. ರಾತ್ರಿಯೇ ನೆನೆಹಾಕಿದ ಕಾಳು, ಎರಡು ಲೋಟ, ಒದ್ದೆ ಹತ್ತಿ. ಒಂದು ಲೋಟ ಕಿಟಕಿಯ ಮೇಲೆ, ಇನ್ನೊಂದು ಬೀರುವಿನ ಕತ್ತಲಲ್ಲಿ. ಶುಕ್ರವಾರದ ಕಲಿಕಾ ಫಲ: ‘ಗಿಡ ಬೆಳೆಯಲು ಬೆಳಕು ಬೇಕೆಂದು ಮಗು ಅರಿಯುತ್ತದೆ.’

ಸೋಮವಾರ ಎರಡು ಲೋಟಕ್ಕೆ ಯಾರೂ ಒಪ್ಪಲಿಲ್ಲ. ಎಲ್ಲರಿಗೂ ಅವರವರದೇ ಕಾಳು ಬೇಕು. ಸರಿ, ನನ್ನ ಎರಡು ಲೋಟಗಳನ್ನು ಕಿಟಕಿಗೊಂದು, ಬೀರುವಿಗೊಂದು ಇಟ್ಟು, ಒಬ್ಬೊಬ್ಬರಿಗೆ ಒಂದೊಂದು ಮುಚ್ಚಳ, ಚೂರು ಹತ್ತಿ, ಎರಡೆರಡು ಕಾಳು ಹಂಚಿದ್ದಾಯಿತು. ಕೊನೆಯ ಬೆಂಚಿನ ಹುಡುಗನೊಬ್ಬ ಹತ್ತು ನಿಮಿಷಕ್ಕೊಮ್ಮೆ ಹತ್ತಿ ಎತ್ತಿ ನೋಡುತ್ತಿದ್ದ.

“ಯಾಕೋ ಮತ್ತೆ ಮತ್ತೆ ಕೆದಕ್ತೀಯ?”

“ಬಂತಾ ಅಂತ ನೋಡ್ತಿದೀನಿ ಮಿಸ್.”

ಪಾಠ ಮುಗಿಸಿದ ಮರುಕ್ಷಣವೇ “ಅರ್ಥ ಆಯ್ತಾ? ಆಯ್ತಾ?” ಎಂದು ಕೇಳುವವಳು ನಾನು. ಬೈಯಲು ಬಾಯಿ ಬರಲಿಲ್ಲ.

ಮಂಗಳವಾರ ಉದ್ದ ಅಳೆಯುವ ಪಾಠ. ಮೊದಲು ಗೇಣು. ನನ್ನ ಮೇಜು ನನ್ನ ಗೇಣಿನಲ್ಲಿ ಆರು, ಮುಂದಿನ ಬೆಂಚಿನ ಹುಡುಗಿಯ ಗೇಣಿನಲ್ಲಿ ಒಂಬತ್ತು. ಯಾವುದು ಸರಿ ಎಂದು ಜಗಳ ಹತ್ತಿತು. “ಮಿಸ್ ಕೈ ದೊಡ್ಡದು, ಮಿಸ್ ಹೇಳಿದ್ದೇ ಸರಿ” ಎಂದು ತೀರ್ಪು ಬಂತು. ಹಿಂದೆ ರಾಜರ ಕಾಲದ ಅಳತೆಗಳೂ ಹೆಚ್ಚುಕಡಿಮೆ ಹೀಗೇ ತೀರ್ಮಾನವಾಗಿರಬೇಕು. ಈ ರಗಳೆ ತಪ್ಪಿಸಲೆಂದೇ ಫ್ರೆಂಚರು 1799ರಲ್ಲಿ ಪ್ಲಾಟಿನಮ್ಮಿನ ಒಂದು ಪಟ್ಟಿ ಮಾಡಿ, ಇದೇ ಮೀಟರು ಎಂದರು. ಆಮೇಲೆ ಅದೂ ಹೋಗಿ, 1983ರಿಂದ ಬೆಳಕು ಒಂದು ಸೆಕೆಂಡಿನ 29,97,92,458ನೇ ಒಂದು ಭಾಗದಲ್ಲಿ ಸಾಗುವ ದೂರವೇ ಮೀಟರು ಎಂದಾಯಿತು. ಇಷ್ಟೆಲ್ಲ ಪಾಡುಪಟ್ಟು ಮಾಡಿದ ಅಳತೆಯನ್ನು ನನ್ನ ಮಕ್ಕಳು ಸ್ಕೇಲಿನ ಒಂದರಿಂದ ಶುರು ಮಾಡುತ್ತಾರೆ. ಸೊನ್ನೆಯನ್ನು ಪೆನ್ಸಿಲ್ಲಿನ ತುದಿಗೆ ಹೊಂದಿಸಿ ಎಂದು ಎಷ್ಟು ಸಲ ಹೇಳಿದರೂ ಕೈ ಒಂದಕ್ಕೇ ಹೋಗುತ್ತದೆ. ಯಾಕೆ ಹೋಗಬಾರದು? ಎಣಿಸುವಾಗ ಒಂದರಿಂದ ಎಣಿಸು ಎಂದು ಹೋದ ವರ್ಷವಿಡೀ ತಾಳ ಹಾಕಿ ಹೇಳಿಸಿದವರು ನಾವೇ. ಸೊನ್ನೆಯಿಂದ ಯಾರಾದರೂ ಬೆರಳು ಎಣಿಸುತ್ತಾರೆಯೇ?

ಬುಧವಾರವೂ ಇದೇ ಕಥೆ. 52ರಲ್ಲಿ 27 ಕಳೆಯಿರಿ ಎಂದರೆ ಅರ್ಧ ತರಗತಿ 35 ಎಂದು ಬರೆದಿತ್ತು. “ಎರಡರಲ್ಲಿ ಏಳು ಹೋಗಲ್ಲ ಮಿಸ್, ಅದಕ್ಕೆ ಏಳರಲ್ಲೇ ಎರಡು ಕಳೆದೆ.” ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂಬ ನಮ್ಮದೇ ಸೂತ್ರವನ್ನು ಪಾಪ ನಿಷ್ಠೆಯಿಂದ ಪಾಲಿಸಿದ್ದರು. ಹಾಗಾಗಿ ಪಕ್ಕದ ಮನೆಯಿಂದ ಸಾಲ ತರುವ ಹಳೆಯ ಉಪಾಯ ಹೇಳಿದೆ. ಎರಡು ಜಡೆಯ ಹುಡುಗಿ ಎದ್ದು ನಿಂತು, “ವಾಪಸ್ ಯಾವಾಗ ಕೊಡೋದು ಮಿಸ್?” ಎಂದಳು. ಇಷ್ಟು ವರ್ಷ ಸಾಲ ಕೊಡಿಸುತ್ತ ಬಂದವಳಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಕಡ್ಡಿಗಳ ಡಬ್ಬ ಇಳಿಸಿದೆ. ಹತ್ತರ ಐದು ಕಟ್ಟು, ಎರಡು ಬಿಡಿ. ಒಂದು ಕಟ್ಟಿನ ರಬ್ಬರ್ ಬಿಚ್ಚಿದರೆ ಹನ್ನೆರಡು ಬಿಡಿ. ಸಾಲವೂ ಇಲ್ಲ, ಬಡ್ಡಿಯೂ ಇಲ್ಲ. ಅವಳು ತಾನೇ ಬಿಚ್ಚಿ, ಏಳು ಕಡ್ಡಿ ತೆಗೆದಿಟ್ಟು, ಆಮೇಲೆ ಎರಡು ಕಟ್ಟು ತೆಗೆದಿಟ್ಟು, ಉಳಿದದ್ದನ್ನು ಎರಡು ಸಲ ಎಣಿಸಿದಳು. ರಬ್ಬರ್ ಮಾತ್ರ ಬೆರಳಿಗೆ ಸುತ್ತಿಕೊಂಡಳು. ಅದು ನನಗೆ ವಾಪಸ್ ಬರಲಿಲ್ಲ.

ಗುರುವಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಣ್ಣದ ನೀರಿನ ಡಬ್ಬ ಮಗುಚಿತು. ಉಕ್ತಲೇಖನದಲ್ಲಿ ಒತ್ತಕ್ಷರಗಳೆಲ್ಲ ಅರ್ಧ ದಾರಿಯಲ್ಲೇ ಉದುರಿಹೋಗಿದ್ದವು. ಒಂದು ಮಾತ್ರ ಹೇಳಬೇಕು. ಕಿಟಕಿಯ ಮೇಲಿನ ಮೊಳಕೆಗಳೆಲ್ಲ ಹೊರಗಡೆಗೆ ಬಾಗಿದ್ದವು. “ಅವೂ ಪಾಠ ಕೇಳ್ತಿಲ್ಲ ಮಿಸ್” ಎಂದ ಕಿಟಕಿ ಪಕ್ಕದ ಹುಡುಗ. ತನ್ನ ಜಾತಿಯವರು ಸಿಕ್ಕ ಸಂತೋಷ. ಡಾರ್ವಿನ್ ತನ್ನ ಮಗನ ಜೊತೆ ಸೇರಿ ಹುಲ್ಲಿನ ಸಸಿಗಳ ತುದಿಗೆ ಪುಟ್ಟ ಟೋಪಿ ತೊಡಿಸಿ, ಬೆಳಕನ್ನು ಗುರುತಿಸುವುದು ಆ ತುದಿಯೇ ಎಂದು 1880ರಲ್ಲಿ ಪ್ರಕಟಿಸಿದ. ಟೋಪಿ ತೊಟ್ಟ ಸಸಿ ಬೆಳಕಿನತ್ತ ಬಾಗಲಿಲ್ಲವಂತೆ. ಇದನ್ನು ಮಕ್ಕಳಿಗೆ ಹೇಳಿದ್ದೇ ತಪ್ಪಾಯಿತು. ಮಧ್ಯಾಹ್ನದ ಹೊತ್ತಿಗೆ ಎಂಟು ಮೊಳಕೆಗಳಿಗೆ ಕಾಗದದ ಟೋಪಿ ಬಂದಿತ್ತು. ಅದರಲ್ಲಿ ಮೂರು ಟೋಪಿಯ ಭಾರಕ್ಕೇ ಮಲಗಿದವು.

ಶುಕ್ರವಾರ ಬೀರು ತೆರೆದೆವು. ಕಿಟಕಿಯ ಲೋಟದ ಗಿಡ ನಾಲ್ಕು ಸೆಂಟಿಮೀಟರ್. ಬೀರುವಿನದ್ದು ಎರಡು ಜಡೆಯ ಹುಡುಗಿಯ ಲೆಕ್ಕದಲ್ಲಿ ಹತ್ತು. ತರಗತಿ ಕುಣಿಯಿತು. ಗಿಡಕ್ಕೆ ಕತ್ತಲೇ ಒಳ್ಳೆಯದು! ನನ್ನ ಕಲಿಕಾ ಫಲ ತಲೆಕೆಳಗಾಗಿ ನಿಂತಿತ್ತು. ಬಣ್ಣ ನೋಡಿ ಎಂದೆ. ಬಿಳಿಚಿಕೊಂಡ ಕಾಂಡ, ಹಳದಿ ತಿರುಗಿದ, ಇನ್ನೂ ಬಿಚ್ಚದ ಎಲೆ. ಕಾಳಿನೊಳಗೆ ಕೂಡಿಟ್ಟ ಬುತ್ತಿಯನ್ನೆಲ್ಲ ಅದು ಉದ್ದವಾಗುವುದಕ್ಕೇ ಖರ್ಚು ಮಾಡಿತ್ತು.

“ಅಷ್ಟು ಉದ್ದ ಯಾಕೆ ಆಯ್ತು?”

“ಬೆಳಕು ಎಲ್ಲಿದೆ ಅಂತ ಹುಡುಕ್ತಾ.”

ಅಷ್ಟರಲ್ಲಿ ಕೊನೆಯ ಬೆಂಚಿನ ಹುಡುಗ ಸ್ಕೇಲ್ ಹಿಡಿದು ಬಂದ. ವಾರವಿಡೀ ಕೆದಕಿ ಕೆದಕಿ ಅವನ ಕಾಳುಗಳೆರಡೂ ಕೊಳೆತಿದ್ದವು. ಈಗ ಊರ ಉಸಾಬರಿಗೆ ಪುರುಸೊತ್ತಿತ್ತು. “ಹತ್ತಲ್ಲ ಮಿಸ್, ಒಂಬತ್ತು. ಇವಳು ಒಂದರಿಂದ ಅಳೆದಿದಾಳೆ.” ಸೊನ್ನೆಯನ್ನು ಬುಡಕ್ಕೆ ಹೊಂದಿಸಿ ತೋರಿಸಿದ. ಮಂಗಳವಾರ ಅವನು ಕೇಳಿಸಿಕೊಂಡಿದ್ದಾನೆಂದು ನನಗಂತೂ ಗೊತ್ತಿರಲಿಲ್ಲ. ಪಾಠ ನಡೆಯುವಾಗ ಅವನು ಬೆಂಚಿನ ಕೆಳಗಿದ್ದ.

ಅವಳು ಸೋಲೊಪ್ಪಲಿಲ್ಲ. “ಇದನ್ನ ಈಗ ಕಿಟಕಿಗೆ ಇಟ್ರೆ ಹಸಿರಾಗುತ್ತಾ, ಗಿಡ್ಡ ಆಗುತ್ತಾ?” ಎಂದು ಕೇಳಿದಳು. ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡೆ. ಎರಡೂ ಲೋಟಗಳನ್ನು ಕಿಟಕಿಯ ಮೇಲಿಟ್ಟು, ಹತ್ತಿಗೆ ಧಾರಾಳವಾಗಿ ನೀರು ಹಾಕಿ, ರಜೆಗೆ ಬಾಗಿಲು ಹಾಕಿಕೊಂಡೆವು. ಸೋಮವಾರದ ಯೋಜನೆಯಲ್ಲಿ ಮೊದಲ ಸಾಲು ಆಗಲೇ ಬರೆದಾಗಿದೆ: ‘ಬಂತಾ ಅಂತ ನೋಡುವುದು.’ ಕೊನೆಯ ಕಾಲಮ್ ಖಾಲಿ ಬಿಟ್ಟಿದ್ದೇನೆ.