ವಾಚು ಸರಿಯಾಗಿದೆ, ಊರು ಸರಿಯಿಲ್ಲ

ಅಪ್ಪ ಅಮ್ಮ ಮೈಸೂರಿನಿಂದ ಬಂದು ಒಂದು ತಿಂಗಳಾಗಿತ್ತು. ಕ್ಯಾಲಿಫೋರ್ನಿಯಾದ ನಮ್ಮ ಮನೆಯ ಬಾಲ್ಕನಿಯಲ್ಲಿ ಕೂತು ಅಪ್ಪ ಎದುರಿನ ಪಾರ್ಕಿಂಗಿನಲ್ಲಿ ಯಾವ ಕಾರು ಎಷ್ಟು ಹೊತ್ತಿಗೆ ಹೋಗುತ್ತೆ, ಎಷ್ಟು ಹೊತ್ತಿಗೆ ಬರುತ್ತೆ ಅನ್ನೋದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಇನ್ನು ಒಂದು ವಾರ ಹೀಗೇ ಬಿಟ್ಟರೆ ವಾಪಸ್ ಟಿಕೆಟ್ ಕೇಳುತ್ತಾರೆ ಅಂತ ಹೆದರಿ ಪ್ರವಾಸ ಹಾಕಿದೆ. 2019ರ ಜೂನ್. ಗ್ರ್ಯಾಂಡ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನವಾಗಿ ಸರಿಯಾಗಿ ನೂರು ವರ್ಷ ತುಂಬಿದ ವರ್ಷ.

"ಅಲ್ಲೇನಿದೆ?" ಅಂದಳು ಅಮ್ಮ.

"ದೊಡ್ಡ ಕಣಿವೆ. 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ಆಳ."

"ಒಂದು ಗುಂಡಿ ನೋಡೋಕೆ ವಿಮಾನದಲ್ಲಿ ಹೋಗ್ಬೇಕಾ?"

ಅಮ್ಮನನ್ನು ಹೊರಡಿಸೋಕೆ ಒಂದೇ ದಾರಿ ಇತ್ತು. "ಅಲ್ಲಿ ವಿಷ್ಣು ದೇವಸ್ಥಾನ ಇದೆ ಕಣಮ್ಮ" ಅಂದೆ. ಪೂರ್ತಿ ಸುಳ್ಳಲ್ಲ, ಆ ಕಥೆ ಆಮೇಲೆ ಹೇಳುತ್ತೇನೆ. ಅಮ್ಮ ಅವತ್ತೇ ಸೂಟ್‌ಕೇಸ್ ತೆಗೆದಳು.

ಅಪ್ಪನ ತಯಾರಿ ಬೇರೆ. ಅವರ ಕೈಯಲ್ಲಿ ಒಂದು ಎಚ್.ಎಂ.ಟಿ. ವಾಚಿದೆ. ಬೆಂಗಳೂರಿನ ಕಾರ್ಖಾನೆಯದ್ದು, ನನಗಿಂತ ಹಳೆಯದು. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಲೋಟ ಬದಿಗಿಟ್ಟು, ವಾಚು ಬಿಚ್ಚಿ, ಕಿವಿ ಹತ್ತಿರ ಹಿಡಿದು ಕೀ ಕೊಡುತ್ತಾರೆ. ಆ ಎರಡು ನಿಮಿಷ ಮನೆಯಲ್ಲಿ ಯಾರೂ ಮಾತಾಡೋ ಹಾಗಿಲ್ಲ. ಅಮೆರಿಕಕ್ಕೆ ಬಂದ ಮೇಲೂ ಆ ವಾಚಿನ ಮುಳ್ಳು ತಿರುಗಿಸೋಕೆ ಅವರು ಒಪ್ಪಿರಲಿಲ್ಲ. "ಬಿ.ಪಿ. ಮಾತ್ರೆ ನಾನು ಮೈಸೂರಿನ ಬೆಳಿಗ್ಗೆ ಎಂಟಕ್ಕೆ ತಗೊಳ್ಳೋದು. ಟೈಮು ಬದಲಾಯಿಸಿದರೆ ಮಾತ್ರೆಗೆ ಗೊತ್ತಾಗುತ್ತಾ?" ಅನ್ನೋದು ಅವರ ವಾದ. ನಾನೂ ನನ್ನ ಹೆಂಡತಿಯೂ ಹಿಂದಿನಿಂದ ನಗುತ್ತಿದ್ದೆವು. ಕೈಯಲ್ಲಿ ಇಂಡಿಯಾ ಟೈಮು ಕಟ್ಟಿಕೊಂಡು ಅಮೆರಿಕ ಸುತ್ತುವ ಮನುಷ್ಯ!

ಲಾಸ್ ವೇಗಸ್‌ವರೆಗೆ ವಿಮಾನ, ಅಲ್ಲಿಂದ ಬಾಡಿಗೆ ಕಾರು. ಕಾರಿನ ಗಡಿಯಾರ ಬೆಳಿಗ್ಗೆ ಹತ್ತಕ್ಕೆ ಮೂರೂ ಕಾಲು ತೋರಿಸುತ್ತಿತ್ತು. ಅದನ್ನು ಸರಿಮಾಡೋದು ಹೇಗೆ ಅಂತ ಹುಡುಕೋಕೆ ಹೋಗಿ ವೈಪರ್ ಶುರುವಾಯಿತು. ಬಿಟ್ಟುಬಿಟ್ಟೆ.

ಮೊದಲ ನಿಲುಗಡೆ ಹೂವರ್ ಡ್ಯಾಮ್. ಅಪ್ಪ ಕೆ.ಇ.ಬಿ.ಯಲ್ಲಿ ಮೂವತ್ತೈದು ವರ್ಷ ದುಡಿದವರು. ಕೆ.ಇ.ಬಿ. ಅನ್ನೋ ಹೆಸರು ಹೋಗಿ ಇಪ್ಪತ್ತು ವರ್ಷವಾದರೂ ಅವರ ಪಾಲಿಗೆ ಅದು ಕೆ.ಇ.ಬಿ.ಯೇ. 221 ಮೀಟರ್ ಎತ್ತರದ ಆ ಕಾಂಕ್ರೀಟ್ ಗೋಡೆ ನೋಡಿ ಐದು ನಿಮಿಷ ಮಾತಾಡಲಿಲ್ಲ. ಆಮೇಲೆ, "ಎತ್ತರ ಸರಿ. ಉದ್ದದಲ್ಲಿ ನಮ್ಮ ಕನ್ನಂಬಾಡಿ ಮುಂದೆ ಇದು ಯಾವ ಲೆಕ್ಕ?" ಅಂದರು. ಅದು ನಿಜಾನೇ. ಇದು 400 ಮೀಟರೂ ಇಲ್ಲ, ಕನ್ನಂಬಾಡಿ ಎರಡೂವರೆ ಕಿಲೋಮೀಟರ್ ದಾಟುತ್ತೆ.

ಡ್ಯಾಮಿನ ಒಂದು ದಡ ನೆವಾಡ, ಇನ್ನೊಂದು ದಡ ಅರಿಜೋನ. ನೀರೊಳಗಿಂದ ಎದ್ದಿರುವ ಗೋಪುರಗಳ ಮೇಲೆ ಒಂದು ಗಡಿಯಾರ ನೆವಾಡ ಟೈಮು ಹೇಳುತ್ತೆ, ಇನ್ನೊಂದು ಅರಿಜೋನ ಟೈಮು. ನಾವು ಹೋದಾಗ ಎರಡೂ ಒಂದೇ ತೋರಿಸುತ್ತಿದ್ದವು.

"ಒಂದೇ ಟೈಮಿಗೆ ಎರಡು ಗಡಿಯಾರ ಯಾಕೋ?" ಅಪ್ಪ ಕೇಳಿದರು.

ಅಮೆರಿಕದಲ್ಲಿ ಬೇಸಿಗೆ ಬಂದರೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹಾಕುತ್ತಾರೆ, ಸಂಜೆ ಬಿಸಿಲು ಇನ್ನಷ್ಟು ಹೊತ್ತು ಸಿಗಲಿ ಅಂತ. ಅರಿಜೋನದವರು ಮಾತ್ರ 1968ರಲ್ಲೇ ಇದಕ್ಕೆ ಕೈಮುಗಿದುಬಿಟ್ಟರು. ಸುಡೋ ಮರುಭೂಮಿಯಲ್ಲಿ ಇನ್ನೊಂದು ಗಂಟೆ ಬಿಸಿಲು ಕಟ್ಟಿಕೊಂಡು ಏನು ಮಾಡೋದು? ಹಾಗಾಗಿ ಚಳಿಗಾಲದಲ್ಲಿ ಈ ಎರಡು ಗಡಿಯಾರಕ್ಕೆ ಒಂದು ಗಂಟೆ ವ್ಯತ್ಯಾಸ, ಬೇಸಿಗೆಯಲ್ಲಿ ಎರಡೂ ಒಂದು. ಇದನ್ನೆಲ್ಲ ನಾನು ದೊಡ್ಡ ಮೇಷ್ಟರ ಥರ ವಿವರಿಸಿದೆ. ಅಮ್ಮ, "ಒಂದು ಗಂಟೆ ಬಿಸಿಲು ಜಾಸ್ತಿ ಸಿಕ್ಕಿದ್ದರೆ ಸಂಡಿಗೆ ಒಣಗಿಸಬಹುದಿತ್ತು" ಅಂದಳು. ಇಷ್ಟೆಲ್ಲ ಗೊತ್ತಿದ್ದ ನಾನೇ ಮುಂದೆ ಹಳ್ಳಕ್ಕೆ ಬಿದ್ದಿದ್ದು.

ಗ್ರ್ಯಾಂಡ್ ಕ್ಯಾನಿಯನ್ ಸೇರುವ ಹೊತ್ತಿಗೆ ಕತ್ತಲಾಗಿತ್ತು. ಅದರ ದಕ್ಷಿಣ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರ. ದಾರಿಯಲ್ಲಿ ತಂದಿದ್ದ ಚಿಪ್ಸ್ ಪೊಟ್ಟಣಗಳೆಲ್ಲ ಮದುವೆ ಮನೆಯ ದಿಂಬಿನ ಥರ ಉಬ್ಬಿದ್ದವು. ರೂಮಿನಲ್ಲಿ ರೈಸ್ ಕುಕ್ಕರ್ ಇಟ್ಟರೆ ಅನ್ನ ಬೇಯಲೇ ಇಲ್ಲ. ಆ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತೆ, ಹಾಗಾಗಿ ಅಕ್ಕಿ ಬೇಯೋಕೆ ಹೊತ್ತು ಹಿಡಿಯುತ್ತೆ ಅಂತ ಅಪ್ಪ ಹಾಸಿಗೆ ಮೇಲೆ ಕೂತು ಪಾಠ ಮಾಡಿದರು. ಪಾಠ ಕೇಳುತ್ತಾ ಎಲ್ಲರೂ ಅಕ್ಕಿಯಂಥ ಅನ್ನಕ್ಕೆ ಪುಳಿಯೋಗರೆ ಗೊಜ್ಜು ಕಲಸಿಕೊಂಡು ಅಗಿದೆವು.

ಬೆಳಿಗ್ಗೆ ಅಮ್ಮ ನಾಲ್ಕಕ್ಕೇ ಎದ್ದು ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ತಿಂಡಿ ಬೇಡವಂತೆ, ದರ್ಶನ ಆದ ಮೇಲೆ. ನನಗೆ ಆಗ ಎದೆ ಧಸಕ್ ಅಂತು. ಮೇದರ್ ಪಾಯಿಂಟ್ ಅನ್ನೋ ಜಾಗದಲ್ಲಿ ಕಂಬಿ ಹಿಡಿದು ನಿಂತು, ದೂರದಲ್ಲಿ ಗೋಪುರದ ಹಾಗೆ ಚೂಪಾಗಿದ್ದ ಒಂದು ಕಲ್ಲುಬೆಟ್ಟ ತೋರಿಸಿದೆ.

"ಅದೇ ಅಮ್ಮ, ವಿಷ್ಣು ಟೆಂಪಲ್."

ಅಮ್ಮ ಬೆಟ್ಟ ನೋಡಿದಳು. ನನ್ನನ್ನು ನೋಡಿದಳು. "ಬಾಗಿಲು ಎಲ್ಲಿ?"

ವಿಷಯ ಏನಂದರೆ, 1880ರ ಸುಮಾರಿಗೆ ಈ ಕಣಿವೆಯನ್ನು ಅಭ್ಯಾಸ ಮಾಡಿದ ಕ್ಲಾರೆನ್ಸ್ ಡಟನ್ ಎಂಬ ಭೂವಿಜ್ಞಾನಿಗೆ ಈ ಶಿಖರಗಳು ಪೂರ್ವ ದೇಶಗಳ ಗುಡಿಗೋಪುರದ ಹಾಗೆ ಕಂಡವು. ಒಂದಕ್ಕೆ ವಿಷ್ಣು ಅಂತ ಹೆಸರಿಟ್ಟ, ಇನ್ನೊಂದಕ್ಕೆ ಶಿವ. ಆಮೇಲೆ ಅಲ್ಲಿ ಬ್ರಹ್ಮನೂ ಬಂದ, ಬುದ್ಧನೂ ಬಂದ. ಕಣಿವೆಯ ತಳದ ಬಂಡೆಗೂ ವಿಷ್ಣುವಿನದೇ ಹೆಸರು, ಅದಕ್ಕೆ ಸುಮಾರು 170 ಕೋಟಿ ವರ್ಷ. ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಬೈಗುಳಕ್ಕೆ ಕಾದೆ. ಅಪ್ಪ ನಡುವೆ ಬಾಯಿ ಹಾಕಿ, "170 ಕೋಟಿನಾ? ನಮ್ಮ ಲಾಲ್‌ಬಾಗಿನ ಬಂಡೆಗೆ 300 ಕೋಟಿ ವರ್ಷ" ಅಂದರು.

ಅಮ್ಮ ಬೈಯಲಿಲ್ಲ. ಚಪ್ಪಲಿ ಬಿಟ್ಟಳು. ಬಿಸಿಲು ಆಗಷ್ಟೇ ಆ ಶಿಖರದ ತುದಿಗೆ ತಾಗಿ ಕೆಳಕ್ಕೆ ಇಳಿಯುತ್ತಿತ್ತು, ಕುಂಕುಮದ ಬಟ್ಟಲು ಒರಗಿ ಸುರಿದ ಹಾಗೆ. ಅಮ್ಮ ಕಣ್ಣು ಮುಚ್ಚಿ ಕೈಮುಗಿದು, ನಿಂತಲ್ಲೇ ಮೂರು ಸುತ್ತು ಪ್ರದಕ್ಷಿಣೆ ಬಂದಳು. ಪಕ್ಕದಲ್ಲಿದ್ದ ಒಬ್ಬ ಅಮೆರಿಕನ್ ಅಜ್ಜಿ ಅಲ್ಲಿನ ಪದ್ಧತಿ ಇರಬೇಕು ಅಂದುಕೊಂಡು ತಾನೂ ಮೂರು ಸುತ್ತು ತಿರುಗಿದಳು. ಅವಳ ಗಂಡ ಎರಡೇ ಸುತ್ತಿಗೆ ತಲೆ ತಿರುಗಿ ಕಂಬಿ ಹಿಡಿದುಕೊಂಡ.

"ಇಷ್ಟು ದೊಡ್ಡದಕ್ಕೆ ಬಾಗಿಲು ಯಾಕೆ ಬೇಕು ಬಿಡು" ಅಂತ ಹೇಳಿ ಅಮ್ಮ ತಿಂಡಿ ಡಬ್ಬಿ ಬಿಚ್ಚಿದಳು.

ಅವತ್ತು ಸಂಜೆ ಪೇಜ್ ಅನ್ನೋ ಊರು ಸೇರಿದೆವು. ಗ್ಲೆನ್ ಕ್ಯಾನಿಯನ್ ಡ್ಯಾಮ್ ಕಟ್ಟೋ ಕೆಲಸಗಾರರಿಗಾಗಿ 1957ರಲ್ಲಿ ಹುಟ್ಟಿದ ಊರು ಇದು. "ನಮ್ಮ ಶರಾವತಿ ಕಡೆ ಕಾರ್ಗಲ್ ಇದ್ದ ಹಾಗೆ" ಅಂತ ಅಪ್ಪನಿಗೆ ಬಂದ ತಕ್ಷಣ ಇಷ್ಟವಾಯಿತು. ಮಾರನೆಯ ದಿನ ಬೆಳಿಗ್ಗೆ ಒಂಬತ್ತೂವರೆಗೆ ಆಂಟಲೋಪ್ ಕ್ಯಾನಿಯನ್ನಿಗೆ ಬುಕಿಂಗ್ ಆಗಿತ್ತು. ಫೋನಿನಲ್ಲಿ ಆರಕ್ಕೆ ಅಲಾರಂ ಇಟ್ಟು ಮಲಗಿದೆ.

ಫೋನು ಆರು ಅಂತು, ಎಬ್ಬಿಸಿತು. ನಾನು ಎಲ್ಲರನ್ನೂ ಎಬ್ಬಿಸಿದೆ. "ಮೈ ಕೈ ನೋವು, ನಿದ್ದೆ ಸಾಕಾಗ್ಲಿಲ್ಲ" ಅಂತ ಅಮ್ಮ ಗೊಣಗಿದಳು. ಮಗಳು ಬ್ರಷ್ ಬಾಯಲ್ಲಿಟ್ಟುಕೊಂಡೇ ನಿದ್ದೆ ಮಾಡಿದಳು. ದಬಾಯಿಸಿ, ಬೈದು, ಕಾಫಿ ಅರ್ಧಕ್ಕೇ ಚೆಲ್ಲಿಸಿ ಎಲ್ಲರನ್ನೂ ಕಾರಿಗೆ ತುಂಬಿ, ಒಂಬತ್ತಕ್ಕೆ ಸರಿಯಾಗಿ ಕೌಂಟರಿನ ಮುಂದೆ ನಿಂತೆ. ಅಲ್ಲಿದ್ದ, ಅಮೆರಿಕದ ಮೂಲನಿವಾಸಿಗಳಾದ ನವಾಹೊ ಜನರ ಹುಡುಗಿ ನನ್ನ ಕಾಗದ ನೋಡಿ, ಗೋಡೆ ನೋಡಿ, ತುಂಬ ಸಮಾಧಾನದಿಂದ, "ನಿಮ್ಮ ಸರದಿ ಒಂಬತ್ತೂವರೆಗೆ. ಈಗ ಎಂಟು" ಅಂದಳು.

"ನನ್ನ ಫೋನು ಒಂಬತ್ತು ಅಂತಿದೆ."

"ಹೌದು, ಎಲ್ಲರ ಫೋನೂ ಹಾಗೇ ಅನ್ನುತ್ತೆ."

ಆ ಪ್ರದೇಶದ ಟೈಮು ಈರುಳ್ಳಿ ಇದ್ದ ಹಾಗೆ. ಹೊರಗಿನ ಸಿಪ್ಪೆ ಅರಿಜೋನ, ಅವರು ಬೇಸಿಗೆ ಟೈಮು ಒಪ್ಪಲ್ಲ. ಅದರೊಳಗೆ ನವಾಹೊ ಜನರ ಸ್ವಾಯತ್ತ ನಾಡು. ಅದು ಯೂಟಾ, ನ್ಯೂ ಮೆಕ್ಸಿಕೊಗಳಿಗೂ ಚಾಚಿಕೊಂಡಿರೋದರಿಂದ ಅವರು ಒಪ್ಪುತ್ತಾರೆ. ಆ ನವಾಹೊ ನಾಡಿನ ಹೊಟ್ಟೆಯೊಳಗೆ ಹೋಪಿ ಜನರ ನಾಡು. ಅವರು ಒಪ್ಪಲ್ಲ. ಪೇಜ್ ಊರು ಇಟ್ಟುಕೊಂಡಿರೋದು ಅರಿಜೋನ ಟೈಮು, ಆ ಕೌಂಟರಿನದೂ ಅದೇ. ಆದರೆ ಒಂದು ಪಕ್ಕ ಯೂಟಾ ಗಡಿ, ಇನ್ನೊಂದು ಪಕ್ಕ ನವಾಹೊ ನಾಡು. ರಾತ್ರಿ ನನ್ನ ಫೋನು ಯಾವ ಟವರಿನ ಜೊತೆ ಮಾತಾಡಿತೋ, ಒಂದು ಗಂಟೆ ಮುಂದಕ್ಕೆ ಹಾರಿಬಿಟ್ಟಿತ್ತು. ನನ್ನ ಹೆಂಡತಿಯ ಫೋನು ಹಾರಿರಲಿಲ್ಲ. "ರೀ, ನಾನು ಆಗಲೇ ಹೇಳೋಕೆ ಬಂದೆ. ನೀವು ಬಾಯಿ ಬಿಡೋಕೆ ಬಿಟ್ಟಿದ್ದರೆ ತಾನೇ" ಅಂದಳು. ಕಾರಿನ ಗಡಿಯಾರದಲ್ಲಿ ರಾತ್ರಿ ಒಂದೂ ಕಾಲು.

ಆಗ ನನ್ನ ಒಂಬತ್ತು ವರ್ಷದ ಮಗಳು ತಾತನ ಕೈ ಹಿಡಿದು ನೋಡಿದಳು. "ತಾತನ ವಾಚಲ್ಲಿ ಎಂಟೂವರೆ. ಅರ್ಧ ಗಂಟೆ ಕಳೆದರೆ ಎಂಟು. ಕರೆಕ್ಟ್!"

ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ಇಂಡಿಯಾ ಅರಿಜೋನಕ್ಕಿಂತ ಹನ್ನೆರಡೂವರೆ ಗಂಟೆ ಮುಂದೆ. ಹನ್ನೆರಡು ಗಂಟೆ ಹೋದರೆ ಮುಳ್ಳು ಅದೇ ಜಾಗಕ್ಕೆ ಬಂದು ನಿಲ್ಲುತ್ತೆ. ಉಳಿಯೋದು ಬರೀ ಅರ್ಧ ಗಂಟೆ. ಟವರು, ಉಪಗ್ರಹ ಯಾವುದರ ಹಂಗೂ ಇಲ್ಲದ ಆ ಕೀ ವಾಚು ಕ್ಯಾಲಿಫೋರ್ನಿಯಾದಿಂದ ಇಲ್ಲಿಯವರೆಗೂ ಬರೀ ಅರ್ಧ ಗಂಟೆ ಮುಂದಿತ್ತು, ಅಷ್ಟೇ. ಅಪ್ಪ ಏನೂ ಹೇಳಲಿಲ್ಲ. ಅಂಗಿಯ ತೋಳು ಒಂದು ಮಡಿಕೆ ಮೇಲಕ್ಕೆ ಸುತ್ತಿ ವಾಚು ಎಲ್ಲರಿಗೂ ಕಾಣೋ ಹಾಗೆ ನಿಂತರು.

ಒಂದೂವರೆ ಗಂಟೆ ಬಿಸಿಲಲ್ಲಿ ಕಾದೆವು. ಕಾದದ್ದಕ್ಕೆ ಮೋಸವಾಗಲಿಲ್ಲ ಬಿಡಿ. ನೆಲದಲ್ಲಿ ಬಿರುಕು ಬಿಟ್ಟ ಹಾಗಿರುವ ಸಂದಿಯೊಳಗೆ ಕಬ್ಬಿಣದ ಏಣಿ ಇಳಿದು ಹೋಗಬೇಕು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಳಗಿಂದ ನಾನು ಹಿಡಿಯುತ್ತೇನೆ ಅಂದರೂ ನಂಬದೆ, ರಾಮ ರಾಮ ಅಂತ ಹಿಂದುಹಿಂದಾಗಿ ಇಳಿದಳು. ಒಳಗೆ ಗೋಡೆಗಳೆಲ್ಲ ಗಾಳಿಗೆ ಹಾರಾಡುವಾಗಲೇ ಕಲ್ಲಾಗಿ ನಿಂತ ಸೀರೆ ನೆರಿಗೆಯ ಹಾಗೆ. ಅಮ್ಮ ಒಂದು ಗೋಡೆ ಸವರಿ, "ಈ ಬಣ್ಣದ್ದು ನನ್ನ ಹತ್ರ ಒಂದಿತ್ತು" ಅಂದಳು. ಇದನ್ನೆಲ್ಲ ಕೆತ್ತಿದ್ದು ಪ್ರವಾಹದ ನೀರು. 1997ರ ಆಗಸ್ಟಿನಲ್ಲಿ ಎಲ್ಲೋ ದೂರದಲ್ಲಿ ಮಳೆ ಸುರಿದು ಇಲ್ಲಿ ನುಗ್ಗಿದ ನೀರಿಗೆ ಹನ್ನೊಂದು ಪ್ರವಾಸಿಗರು ಸತ್ತರು ಅಂತ ಗೈಡ್ ಹೇಳಿದಾಗ ಅಪ್ಪ ತಲೆಯೆತ್ತಿ ಆಕಾಶದ ಆ ಒಂದು ಗೆರೆ ನೋಡಿದರು. ಆಮೇಲೆ ನಡಿಗೆ ಸ್ವಲ್ಪ ಜೋರಾಯಿತು.

ಅವತ್ತೇ ಸಂಜೆ ಆರಕ್ಕೆ ಮಾನ್ಯುಮೆಂಟ್ ವ್ಯಾಲಿಯಲ್ಲಿ ಜೀಪ್ ಸವಾರಿ. ಮುಂಗಡ ದುಡ್ಡು ಕಟ್ಟಾಗಿತ್ತು. ಪೇಜ್‌ನಿಂದ ಎರಡು ಗಂಟೆ ದಾರಿ. ಈ ಸಲ ಮೋಸ ಹೋಗಬಾರದು ಅಂತ ಮನೆಮಂದಿಯೆಲ್ಲ ಸೇರಿ ತೀರ್ಮಾನ ಮಾಡಿದೆವು. ಫೋನುಗಳನ್ನು ಚೀಲಕ್ಕೆ ಹಾಕಿ, ಇನ್ನು ಮೇಲೆ ಅಪ್ಪನ ವಾಚೇ ಪ್ರಮಾಣ. ಅರ್ಧ ಗಂಟೆ ಕಳೆಯೋದು, ಅಷ್ಟೇ.

ಎಷ್ಟು ಆರಾಮಾಗಿ ಹೋದೆವು ಅಂತೀರಿ! ಕೆಯೆಂಟ ಅನ್ನೋ ಊರಲ್ಲಿ ನಿಲ್ಲಿಸಿ ಕಾಫಿ ಕುಡಿದೆವು. ನಡುವೆ ಹೆಂಡತಿ ಫೋನು ತೆಗೆದು, "ರೀ, ಇದು ಒಂದು ಗಂಟೆ ಮುಂದೆ ತೋರಿಸ್ತಿದೆ" ಅಂದಳು. "ಮತ್ತೆ ಸುಳ್ಳು ಹೇಳ್ತಿದೆ, ಒಳಗಿಡು" ಅಂತ ಎಲ್ಲರೂ ನಕ್ಕೆವು. ಗೇಟು ತಲುಪಿದಾಗ ಅಪ್ಪ ಘೋಷಿಸಿದರು: "ಐದೂ ಮುಕ್ಕಾಲು. ಅಂದರೆ ಐದೂ ಕಾಲು. ಬೇಕಾದಷ್ಟು ಟೈಮಿದೆ."

ಕೌಂಟರಿನಲ್ಲಿ ಆರೂ ಕಾಲು.

ಮಾನ್ಯುಮೆಂಟ್ ವ್ಯಾಲಿ ನವಾಹೊ ನಾಡಿನದು. ಅವರದು ಬೇಸಿಗೆ ಟೈಮು. ಬೆಳಿಗ್ಗೆ ಸುಳ್ಳು ಹೇಳಿದ್ದ ಫೋನು ಸಂಜೆ ನಿಜ ಹೇಳಿತ್ತು, ತೋಳ ಬಂತು ತೋಳ ಕಥೆಯ ಹುಡುಗನ ಹಾಗೆ. ನಮ್ಮ ಜೀಪು ಕೆಂಪು ಧೂಳೆಬ್ಬಿಸಿಕೊಂಡು ದೂರದಲ್ಲಿ ಹೋಗುತ್ತಿದ್ದದ್ದು ಚೆನ್ನಾಗೇ ಕಾಣುತ್ತಿತ್ತು. ಮಗಳು ಅದಕ್ಕೆ ಟಾಟಾ ಮಾಡಿದಳು. ದುಡ್ಡು ವಾಪಸ್ ಬರಲ್ಲ ಅಂತ ಕಾಗದದ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಬರೆದಿತ್ತು.

"ಅಪ್ಪ, ಇಲ್ಲಿ ನಿಮ್ಮ ವಾಚಿಗೆ ಅರ್ಧ ಗಂಟೆ ಕಳೀಬಾರದಿತ್ತು, ಕೂಡಬೇಕಿತ್ತು" ಅಂದೆ.

ಅಪ್ಪ ವಾಚು ಕಿವಿಗೆ ಹಿಡಿದು ಕೇಳಿದರು. "ವಾಚು ಸರಿಯಾಗಿದೆ ಕಣೋ. ಊರು ಸರಿಯಿಲ್ಲ."

ಕಾರಿನಲ್ಲೇ ಒಳಗೆ ಹೋಗೋಣ ಅಂದರೆ 27 ಕಿಲೋಮೀಟರ್ ಮಣ್ಣು ರಸ್ತೆ, ಬಾಡಿಗೆ ಕಾರಿನವರು ಡಾಂಬರು ಬಿಟ್ಟು ಇಳಿಯಬೇಡಿ ಅಂದಿದ್ದರು. ಅಲ್ಲೇ ಜಗಲಿಯಂಥ ಜಾಗದಲ್ಲಿ ಸಾಲಾಗಿ ಕೂತು ಉಳಿದ ಚಿಪ್ಸ್ ತಿಂದೆವು. ಎದುರಿಗೆ ಕೈಗವಸು ಮೇಲೆತ್ತಿ ಹಿಡಿದ ಹಾಗೆ ಎರಡು ದೈತ್ಯ ಬಂಡೆಗಳು, ಪಕ್ಕದಲ್ಲಿ ಇನ್ನೊಂದು. ಹೊತ್ತು ಇಳಿದ ಹಾಗೆಲ್ಲ ಅವು ಕಾವಿ ಕೆಂಪಾಗಿ, ಆಮೇಲೆ ಕೆಂಡದ ಕೆಂಪಾದವು. ಜೀಪಿನಲ್ಲಿ ಹೋದವರು ವಾಪಸ್ ಬಂದು ಕೆಮ್ಮುತ್ತಾ ಕೂದಲಿನ ಧೂಳು ಕೊಡವುತ್ತಿದ್ದರು. ನಮ್ಮ ಹೊಟ್ಟೆ ಸ್ವಲ್ಪ ತಣ್ಣಗಾಯಿತು.

ಸೂರ್ಯ ಮುಳುಗುವ ಹೊತ್ತಿಗೆ ಅಮ್ಮ ಮೈಸೂರಿನ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಹಚ್ಚಿ ಬಂಡೆಗಳ ಕಡೆ ಫೋನು ತಿರುಗಿಸಿದಳು.

"ಅಯ್ಯೋ, ಚಿತ್ರದುರ್ಗದ ಹಾಗೇ ಇದೆಯಲ್ಲೇ ಅಕ್ಕ! ಅಲ್ಲೀಗ ಎಷ್ಟು ಗಂಟೆ?"

ನಾನು, ಹೆಂಡತಿ, ಮಗಳು ಮೂವರೂ ಬಾಯಿ ತೆರೆದೆವು. ಯಾರಿಗೂ ಧೈರ್ಯ ಬರಲಿಲ್ಲ. ಅಪ್ಪ ಜೇಬಿನಿಂದ ಬಿ.ಪಿ. ಮಾತ್ರೆ ತೆಗೆದು, ವಾಚು ನೋಡಿ, ನೀರಿನ ಬಾಟಲಿ ಎತ್ತುತ್ತಾ, "ಎಂಟು" ಅಂದರು.

"ಹೌದಾ ಭಾವ? ಇಲ್ಲೂ ಎಂಟೇ!" ಅಂದಳು ಚಿಕ್ಕಮ್ಮ.