ಸೌತ್ ಬೇಕಾ, ನಾರ್ತ್ ಬೇಕಾ?

"ಸೌತ್ ಬೇಕಾ ಸರ್, ನಾರ್ತ್ ಬೇಕಾ?" ಎಂದು ಮೆಡಿಕಲ್ ಸ್ಟೋರಿನ ಹುಡುಗ ಕೇಳಿದ. ಊಟದ ಹೋಟೆಲಿಗೇನಾದರೂ ನುಗ್ಗಿಬಿಟ್ಟೆನೇ ಎಂದು ತಲೆಯೆತ್ತಿ ಬೋರ್ಡು ನೋಡಿದೆ. ನಾನು ಕೇಳಿದ್ದು ಫ್ಲೂ ಲಸಿಕೆ.

ಭೂಮಿಯ ದಕ್ಷಿಣಾರ್ಧದ್ದೋ ಉತ್ತರಾರ್ಧದ್ದೋ ಎಂಬುದು ಅವನ ಪ್ರಶ್ನೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯವರು ವರ್ಷಕ್ಕೆರಡು ಸಲ, ಫೆಬ್ರವರಿಯಲ್ಲೊಮ್ಮೆ ಸೆಪ್ಟೆಂಬರಿನಲ್ಲೊಮ್ಮೆ, ಕೂತು, ಲಸಿಕೆಯಲ್ಲಿ ಯಾವ ಯಾವ ಫ್ಲೂ ವೈರಸ್ಸಿಗೆ ಮದ್ದಿರಬೇಕೆಂದು ಭೂಮಿಯ ಒಂದೊಂದು ಅರ್ಧಕ್ಕೆ ಒಂದೊಂದು ಪಟ್ಟಿ ಮಾಡುತ್ತಾರೆ. ಮೈಸೂರು ಇರುವುದು ಸಮಭಾಜಕ ವೃತ್ತದಿಂದ 12 ಡಿಗ್ರಿ ಉತ್ತರಕ್ಕೆ. ಹಾಗಾಗಿ ಗಟ್ಟಿಯಾಗಿ "ನಾರ್ತು" ಎಂದೆ. ಹುಡುಗ ನಕ್ಕ. "ಇಲ್ಲ ಸರ್, ನಮ್ಮ ಕಡೆ ಫ್ಲೂ ಜಾಸ್ತಿ ಆಗೋದು ಮಳೆಗಾಲದಲ್ಲಿ, ಸೌತ್‌ನೋರಿಗೆ ಚಳಿಗಾಲ ಇರೋ ಹೊತ್ತಿಗೆ. ಈಗ ಮೇ ಅಲ್ವಾ, ಸೌತ್ ತಗೊಳ್ಳಿ." ಹೈಸ್ಕೂಲಿನಲ್ಲಿ 31 ವರ್ಷ ಭೂಗೋಳ ಕಲಿಸಿದ ನಾನು ತಲೆಯಾಡಿಸಿ ಸೌತ್ ತಗೊಂಡೆ.

ಇಷ್ಟಕ್ಕೆಲ್ಲ ಕಾರಣ ನ್ಯೂಜೆರ್ಸಿಯಲ್ಲಿರುವ ಮಗಳು. "ಹಾಲು ತರೋಕೆ ಹೋಗಿದ್ದೆ ಅಪ್ಪ, ಹಾಗೇ ಹಾಕಿಸ್ಕೊಂಡು ಬಂದೆ" ಎಂದು ತೋಳಿನ ಮೇಲಿನ ಬ್ಯಾಂಡೇಜಿನ ಫೋಟೋ ಕಳಿಸಿದ್ದಳು. ಅಲ್ಲಿ ಔಷಧದಂಗಡಿಯವರೇ ಚುಚ್ಚಿ ಕಳಿಸುತ್ತಾರೆ. ಆವತ್ತಿನಿಂದ ಪ್ರತಿ ಭಾನುವಾರ "ಹಾಕಿಸ್ಕೊಂಡ್ಯಾ?" ಎಂಬ ವಿಚಾರಣೆ. ದೂರದೇಶದ ಮಕ್ಕಳಿಗೆ ನಮ್ಮ ಆರೋಗ್ಯದ ಮೇಲೆ ಇರುವಷ್ಟು ಹತೋಟಿ ನಮಗೇ ಇಲ್ಲ. ಚಿಕ್ಕಂದಿನಲ್ಲಿ ಪೋಲಿಯೋ ಹನಿಗೆ ಬಾಯಿ ತೆರೆಯದೆ ಇಡೀ ಬೀದಿ ಸೇರಿಸಿದ್ದವಳು ಇವಳೇ ಎಂಬುದನ್ನು ಹೇಳಿದರೆ ಮಾತ್ರ ಫೋನಿನ ನೆಟ್‌ವರ್ಕು ಸರಿಯಿರುವುದಿಲ್ಲ.

"ಇಲ್ಲೇ ಹಾಕಿಬಿಡಪ್ಪಾ" ಎಂದೆ. "ನಾವು ಹಾಕೋ ಹಾಗಿಲ್ಲ ಸರ್, ಡಾಕ್ಟ್ರ ಹತ್ರ ತಗೊಂಡೋಗಿ." ಡಾಕ್ಟರೋ, "ನಾನು ಸ್ಟಾಕ್ ಇಡಲ್ಲ, ತಂದುಕೊಟ್ರೆ ಹಾಕ್ತೀನಿ" ಎಂದು ಚೀಟಿ ಬರೆದಿದ್ದರು. ಅವರು ಕ್ಲಿನಿಕ್ಕಿಗೆ ಬರುವುದು ಸಂಜೆ ಆರಕ್ಕೆ. ಆಗ ಹನ್ನೊಂದೂವರೆ. ಔಷಧ ಇರುವಲ್ಲಿ ಸೂಜಿ ಹಿಡಿಯುವವರಿಲ್ಲ, ಸೂಜಿ ಹಿಡಿಯುವವರ ಹತ್ತಿರ ಔಷಧ ಇಲ್ಲ. ನಡುವಿನ ಆರೂವರೆ ಗಂಟೆಗೆ ಜವಾಬ್ದಾರ ನಾನು. ಹುಡುಗ ಡಬ್ಬಿಯನ್ನು ಐಸ್ ಪ್ಯಾಕಿನ ಜೊತೆ ಪೇಪರಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಣಂತಿ ಮನೆಗೆ ಕಳಿಸುವಾಗ ಹೇಳುವ ಹಾಗೆ ಹೇಳಿದ: "ಎರಡರಿಂದ ಎಂಟು ಡಿಗ್ರಿ. ಫ್ರೀಜರಲ್ಲಿ ಇಡಬೇಡಿ, ಹೆಪ್ಪುಗಟ್ಟಿದ್ರೆ ಕೆಟ್ಟೋಗತ್ತೆ. ಬಾಗಿಲಲ್ಲೂ ಬೇಡ."

ಸ್ಕೂಟರಿನ ಕೊಕ್ಕೆಗೆ ನೇತುಹಾಕಿಕೊಂಡು ಹೊರಟೆ. ಕವರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ತಿರುವಿನಲ್ಲಿ ಸಿಕ್ಕ ಪರಿಚಯದವರೊಬ್ಬರು ಕವರನ್ನೂ ನನ್ನನ್ನೂ ನೋಡಿ, "ಏನ್ ಮೇಷ್ಟ್ರೇ, ಶುರು ಮಾಡ್ಕೊಂಡ್ರಾ? ಯಾವ ಮೀನು?" ಎಂದರು.

ನಮ್ಮ ಮನೆಯ ಫ್ರಿಜ್ಜಿನಲ್ಲಿ ನನ್ನದು ಎನ್ನುವ ಜಾಗ ಈ 38 ವರ್ಷಗಳ ಸಂಸಾರದಲ್ಲಿ ಇದ್ದದ್ದೇ ಇಲ್ಲ. ಹಿಂದುಗಡೆ ಇಟ್ಟರೆ ಮೊಸರೇ ಕಲ್ಲಾಗುತ್ತದೆ, ಆದ್ದರಿಂದ ಅಲ್ಲಿ ಬೇಡ. ಕೆಳಗೆ ತರಕಾರಿ, ಅದರೊಳಗೆ ಮಲ್ಲಿಗೆ ಮೊಗ್ಗು. ಉಳಿದದ್ದು ನಡುವಿನ ಅಂತಸ್ತು. ಅಲ್ಲಿ ದೋಸೆ ಹಿಟ್ಟು, ಪುಳಿಯೋಗರೆ ಗೊಜ್ಜು, ಮತ್ತು ಮುಚ್ಚಳ ಹಾಕಿದ ಸಣ್ಣ ಸಣ್ಣ ಸ್ಟೀಲ್ ಬಟ್ಟಲುಗಳ ಒಂದು ಕಾಲೋನಿ. ಅವುಗಳೊಳಗೆ ಏನಿದೆ ಎಂದು ನಾನು ಕೇಳುವುದಿಲ್ಲ, ಕೇಳಿದರೆ ರಾತ್ರಿ ಅದು ನನ್ನ ತಟ್ಟೆಗೆ ಬರುತ್ತದೆ. "ಇಂಜೆಕ್ಷನ್ನು ಗೊಜ್ಜಿನ ಪಕ್ಕ ಇಡ್ತೀರೇನ್ರೀ?" ಎಂದು ಹೆಂಡತಿ ಅಡ್ಡ ನಿಂತಳು. ಕೊನೆಗೆ ಗೊಜ್ಜಿಗೂ ಲಸಿಕೆಗೂ ನಡುವೆ ಒಂದು ನಿಂಬೆಹಣ್ಣಿಟ್ಟು ಗಡಿ ಗುರುತಿಸಿದ ಮೇಲೆ ಒಪ್ಪಿಗೆ ಸಿಕ್ಕಿತು.

ಎರಡು ಗಂಟೆಗೆ ಕರೆಂಟು ಹೋಯಿತು.

ಫ್ರಿಜ್ಜಿನ ಬಾಗಿಲನ್ನು ಯಾರೂ ತೆಗೆಯಕೂಡದೆಂದು ಆಜ್ಞೆ ಹೊರಡಿಸಿದೆ. ಮೂರಾಯಿತು. ಮೂರಕ್ಕೆ ನಮ್ಮ ಮನೆಯಲ್ಲಿ ಕಾಫಿ. ಡಿಕಾಕ್ಷನ್ ಇಳಿದಿತ್ತು, ಸಕ್ಕರೆ ಇತ್ತು, ಹಾಲು ಒಳಗಿತ್ತು. "ಒಂದ್ ಸೆಕೆಂಡು ತೆಗೀತೀನಿ" ಎಂದಳು. "ಒಂದು ಸೆಕೆಂಡೂ ಇಲ್ಲ, ಸಾವಿರದ ಐನೂರರ ಮೇಲೆ ಕೊಟ್ಟಿದೀನಿ ಕಣೇ" ಎಂದೆ. ಫ್ರಿಜ್ಜಿನ ಎದುರು ಕುರ್ಚಿ ಹಾಕಿಕೊಂಡು ಕೂತೆ. ಅವಳೂ ಕೂತಳು, ಮಾತಿಲ್ಲದೆ. ಕಾಫಿಯಿಲ್ಲದ ಮೌನ ಬೇರೆ ಜಾತಿಯದು.

ಮೌನ ಮುರಿಯಲೆಂದು ನಮ್ಮೂರಿನದೇ ಕತೆ ತೆಗೆದೆ. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರ ಬರೆದ ಒಂದು ಚಿತ್ರವಿದೆ. ಮೂವರು ಹೆಂಗಸರು. ಬಹಳ ಕಾಲ ನರ್ತಕಿಯರೆಂದೇ ತಿಳಿದಿದ್ದರು. ಆಮೇಲೆ ಇತಿಹಾಸಕಾರರೊಬ್ಬರು, ಇವರು ಮೈಸೂರಿನ ರಾಣಿವಾಸದವರು, ಬಲಗಡೆಯಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ಆಕೆ ಸೆರಗು ಸರಿಸಿ ತೋರಿಸುತ್ತಿರುವುದು ಸಿಡುಬಿನ ದಾಕು ಹಾಕಿಸಿಕೊಂಡ ತೋಳನ್ನು ಎಂದು ವಾದಿಸಿದರು. ಬ್ಯಾಂಡೇಜಿನ ಫೋಟೋ ಕಳಿಸುವ ಚಟ ನಿನ್ನ ಮಗಳಿಂದ ಶುರುವಾದದ್ದಲ್ಲ ಎಂದೆ.

"ಆವಾಗ ಫ್ರಿಜ್ ಎಲ್ಲಿತ್ತು? ರಾಣಿ ತನಕ ಹ್ಯಾಗೆ ತಂದ್ರು?"

ಒಳ್ಳೆಯ ಪ್ರಶ್ನೆ. ಮಗುವಿನಿಂದ ಮಗುವಿಗೆ ತಂದರು. ಒಂದು ಮಗುವಿನ ತೋಳಿನ ಗುಳ್ಳೆಯ ಕೀವನ್ನು ಮುಂದಿನ ಮಗುವಿಗೆ, ಅಲ್ಲಿಂದ ಮತ್ತೊಂದಕ್ಕೆ. ಇಂಡಿಯಾದಲ್ಲಿ ಮೊದಲು ಹಾಕಿಸಿಕೊಂಡದ್ದು ಬೊಂಬಾಯಿಯ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಕೂಸು, 1802ರ ಜೂನ್ 14ರಂದು. ಆ ಕೂಸಿನ ತೋಳಿನಿಂದ ಮುಂದಿನ ಮಕ್ಕಳಿಗೆ ದಾಟುತ್ತ ಹೋಯಿತು. ಮಕ್ಕಳೇ ಫ್ರಿಜ್ಜು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಪಾಪ, ಆ ಮಕ್ಕಳಿಗಾದ್ರೂ ಟೈಮಿಗೆ ಸರಿಯಾಗಿ ಹಾಲು ಕೊಟ್ಟಿರ್ತಾರೆ" ಎಂದಳು.

ಇದಕ್ಕೆ ನಾನೊಂದು ಗಂಭೀರವಾದ ಉತ್ತರ ಕೊಡುವವನಿದ್ದೆ. ನನ್ನ ಎಡತೋಳಿನಲ್ಲೂ ದಾಕಿನ ಎರಡು ಗುಂಡನೆಯ ಕಲೆಗಳಿವೆ, ಅವಳಿಗೂ ಇವೆ, ಮಗಳಿಗೆ ಇಲ್ಲ. ಅಲ್ಲಿಂದ ಶುರುಮಾಡಿ ಎಲ್ಲಿಗೋ ಹೋಗುವ ವಿಚಾರ ಅದು. ಅಷ್ಟರಲ್ಲಿ ಕರೆಂಟು ಬಂತು, ಫ್ರಿಜ್ಜು ಗುರ್ ಎಂದಿತು, ಇಬ್ಬರೂ ಹಾಲಿಗೆ ಎದ್ದೆವು. ಈಗ ಎಷ್ಟು ನೆನೆಸಿಕೊಂಡರೂ ಅದು ತಲೆಗೆ ಬರುತ್ತಿಲ್ಲ.

ಸಂಜೆ ಸಿಸ್ಟರ್ ಡಬ್ಬಿ ಇಸಿದುಕೊಂಡು, ನಾನು ನಿಂಬೆಹಣ್ಣಿನ ವಿಷಯಕ್ಕೆ ಬರುವ ಮೊದಲೇ ಚುಚ್ಚಿ, "ಆಯ್ತು, ಅರ್ಧ ಗಂಟೆ ಕೂತ್ಕೊಳ್ಳಿ" ಎಂದರು. ಬ್ಯಾಂಡೇಜಿಲ್ಲ. ಒಂದು ಚೂರು ಹತ್ತಿ, ಅದೂ ಮೆಟ್ಟಿಲಿಳಿಯುವಾಗ ಬಿದ್ದುಹೋಯಿತು. ಮಗಳು ಫೋಟೋ ಕೇಳಿದಳು. ಬರಿಯ ತೋಳಿನದು ಕಳಿಸಿದೆ. "ಇದ್ರಲ್ಲಿ ಏನೂ ಕಾಣಿಸ್ತಿಲ್ಲ" ಎಂದು ಬರೆದಳು.

ಐಸ್ ಪ್ಯಾಕು ಈಗ ಹೆಂಡತಿಯ ಮಂಡಿನೋವಿಗೆ ಬಳಕೆಯಾಗುತ್ತಿದೆ. ಮೊನ್ನೆ ಬಿ.ಪಿ. ಮಾತ್ರೆಗೆ ಹೋದಾಗ ಹುಡುಗ ದೂರದಿಂದಲೇ ಕೂಗಿದ: "ಸರ್, ನ್ಯುಮೋನಿಯಾದ್ದೂ ಬಂದಿದೆ, ನಿಮ್ಮ ವಯಸ್ಸಿಗೆ ಒಳ್ಳೇದು. ಇದ್ರಲ್ಲಿ ಸೌತು ನಾರ್ತು ಏನಿಲ್ಲ."

"ಮನೇಲಿ ಕೇಳಿ ಹೇಳ್ತೀನಪ್ಪ" ಎಂದು ಬಂದೆ.